ತಪ್ಪೆಲ್ಲ ಮಣ್ಣಿನದೇ

ಎಂಟು ವರ್ಷ ನಾನು ಮಣ್ಣು ಜರಡಿ ಹಿಡಿದೆ. ಮೊಳಕಾಲ್ಮುರಿನ ಮಗ್ಗದ ಮನೆಯಲ್ಲಿ ರೇಷ್ಮೆ ಎಳೆ ಹಿಡಿದು ಬೆಳೆದವಳು, ಚಳ್ಳಕೆರೆಗೆ ಸೊಸೆಯಾಗಿ ಬಂದ ಮೇಲೆ ಹುತ್ತದ ಮಣ್ಣು, ಸಗಣಿ, ಭತ್ತದ ಹೊಟ್ಟಿನ ಬೂದಿ ಇವುಗಳಲ್ಲೇ ಕೈ ಸವೆಸಿದೆ. ಹಬ್ಬಕ್ಕೆ ತವರಿಗೆ ಹೋದರೆ ನನ್ನವ್ವ ನನ್ನ ಕೈ ಹಿಡಿದು ನೋಡಿ, "ಈ ಕೈನ ಸೀರೆ ಮುಟ್ಟಿಸಬ್ಯಾಡ ಕಣೇ, ಎಳೆ ಎದ್ದು ಬರ್ತೈತೆ" ಅನ್ನುತ್ತಿದ್ದಳು. ತಮಾಷೆಗೇ ಅನ್ನುತ್ತಿದ್ದಳು. ನನಗೆ ಮಾತ್ರ ಮೈ ಉರಿಯುತ್ತಿತ್ತು.

ನನ್ನ ಮಾವ ಎರಕದ ಉಂಗುರ ಮಾಡುವವರು. ಬಂಗಾರದ ಕೆಲಸವಲ್ಲ. ತಾಮ್ರ, ಕಂಚು, ಪಂಚಲೋಹ. ಹರಕೆ ಹೊತ್ತವರು, ಶಾಸ್ತ್ರ ಕೇಳಿ ಬಂದವರು, ದನ ಕುರಿ ಕಾಯುವವರು ಹಾಕಿಕೊಳ್ಳುವಂಥ ಉಂಗುರಗಳು. ನನ್ನ ಗಂಡನಿಗೆ ಈ ಕೆಲಸ ಹತ್ತಲಿಲ್ಲ. ಅವರು ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕೆ ಸೇರಿ, ದಿನಾ ಸಂಜೆ ಶೇಂಗಾ ಹಿಂಡಿಯ ವಾಸನೆ ಹೊತ್ತು ಬರುತ್ತಿದ್ದರು. ಅತ್ತೆ ನಾನು ಬರುವ ಮೊದಲೇ ತೀರಿಹೋಗಿದ್ದರು. ಹಾಗಾಗಿ ಅತ್ತೆ ಮಾಡುತ್ತಿದ್ದ ಮಣ್ಣಿನ ಕೆಲಸ ನನ್ನ ಪಾಲಿಗೆ ಬಂತು.

ಕೆಲಸ ಹೇಳುವುದಕ್ಕೆ ಸುಲಭ. ಮೊದಲು ಮೇಣದಲ್ಲಿ ಒಂದು ಉಂಗುರ ಮಾಡಬೇಕು. ಜೇನುಮೇಣಕ್ಕೆ ರಾಳ ಸೇರಿಸಿ ಕಾಯಿಸಿ, ಎಳೆಯಾಗಿ ಹೊಸೆದು, ಮರದ ಕೋಲಿಗೆ ಸುತ್ತಬೇಕು. ಆ ಕೋಲು ಒಂದು ತುದಿಯಲ್ಲಿ ಸಣ್ಣ, ಇನ್ನೊಂದು ತುದಿಯಲ್ಲಿ ದಪ್ಪ, ಮೈತುಂಬ ಗೆರೆ. ಗಿರಾಕಿಯ ಬೆರಳಿನ ಅಳತೆ ಯಾವ ಗೆರೆಗೆ ಬರುತ್ತದೋ, ಅದಕ್ಕಿಂತ ಒಂದು ಗೆರೆ ದಪ್ಪದ ಕಡೆ ಸರಿದು ಸುತ್ತಬೇಕು. ಯಾಕೆಂದರೆ ಲೋಹ ಆರುವಾಗ ಕುಗ್ಗುತ್ತದೆ. ಆ ಮೇಣದ ಉಂಗುರಕ್ಕೆ ಮೂರು ಸಲ ಮಣ್ಣು ಮೆತ್ತಿ, ನೆರಳಲ್ಲಿ ಒಣಗಿಸಿ, ಬೆಂಕಿಗಿಟ್ಟು ಮೇಣ ಇಳಿಸಿಬಿಟ್ಟರೆ ಒಳಗೆ ಉಂಗುರದ ಆಕಾರದ ಪೊಳ್ಳು ಉಳಿಯುತ್ತದೆ. ಅದೇ ಅಚ್ಚು. ಅದರೊಳಗೆ ಕರಗಿದ ಲೋಹ ಹೊಯ್ದು, ಆರಿದ ಮೇಲೆ ಮಣ್ಣು ಒಡೆದರೆ ಉಂಗುರ ಸಿಗುತ್ತದೆ. ಒಂದು ಅಚ್ಚಿಗೆ ಒಂದೇ ಉಂಗುರ. ಮುಂದಿನದಕ್ಕೆ ಮತ್ತೆ ಮೊದಲಿಂದ ಶುರು.

ಮೇಣ ಮಾವನದು, ಮಣ್ಣು ನನ್ನದು. ಕೋಲನ್ನು ನಾನು ಮುಟ್ಟುವಂತಿರಲಿಲ್ಲ. ಅದು ಅವರ ಅಪ್ಪನ ಕಾಲದ್ದಂತೆ, ಹೆಂಗಸರ ಕೈಗೆ ಕೊಡುವುದಿಲ್ಲವಂತೆ. ಕೊಡದಿದ್ದರೆ ಬೇಡ, ನನಗೇನು ಅದರ ಮೇಲೆ ಆಸೆ ಇರಲಿಲ್ಲ. ನನ್ನ ತಕರಾರು ಬೇರೆ. ಉಂಗುರದಲ್ಲಿ ಗಾಳಿಗುಳ್ಳೆ ಬಿದ್ದರೆ ಮಾವ ಅನ್ನುತ್ತಿದ್ದರು, "ಮಣ್ಣು ಸರಿ ಇಲ್ಲ." ಅಂಚು ತುಂಬದಿದ್ದರೆ, "ಮಣ್ಣು ಸರಿ ಇಲ್ಲ." ಲೋಹ ಸಾಕಷ್ಟು ಕಾಯದೆ ಅರ್ಧಕ್ಕೇ ನಿಂತರೂ ಅದೇ ಮಾತು. ಉಂಗುರ ಚೆನ್ನಾಗಿ ಬಂದ ದಿನ ಮಾತ್ರ ಮಣ್ಣಿನ ಸುದ್ದಿಯೇ ಇಲ್ಲ, ಆವತ್ತು ಅವರ ಕೈ ಚೆನ್ನಾಗಿರುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಗಾದೆಯನ್ನು ನಾನು ಎಷ್ಟು ಸಲ ನಾಲಿಗೆಯ ತುದಿಗೆ ತಂದು ನುಂಗಿದ್ದೇನೋ ಲೆಕ್ಕವಿಲ್ಲ.

ಆ ಮಣ್ಣಿಗೆ ನಾನು ಪಡುತ್ತಿದ್ದ ಪಾಡು ನನಗೇ ಗೊತ್ತು. ಹಾವಿರುವ ಹುತ್ತ ಅಗೆಯುವಂತಿಲ್ಲ. ಬಿಟ್ಟುಹೋದ ಹುತ್ತವೇ ಆಗಬೇಕು, ಅದೂ ಮೇಲೆ ಹುಲ್ಲು ಹುಟ್ಟಿ ಒಂದು ಮಳೆಗಾಲ ಕಂಡದ್ದಾಗಬೇಕು. ಕುದಾಪುರದ ಕಡೆ ಹುಲ್ಲುಗಾವಲಿನಲ್ಲಿ ಅಂಥವು ಸಿಗುತ್ತಿದ್ದವು. ಈಗ ಅಲ್ಲೆಲ್ಲ ಬೇಲಿ ಬಿದ್ದಿದೆ. ಆಗ ನಾನೇ ಹೋಗಿ ಚೀಲದಲ್ಲಿ ತುಂಬಿಕೊಂಡು ಬಸ್ಸಿಗೆ ಹಾಕಿಕೊಂಡು ಬರುತ್ತಿದ್ದೆ. ಕಂಡಕ್ಟರು ದಿನಸಿಯೇನಮ್ಮ ಅಂದರೆ ಹೂಂ ಅನ್ನುತ್ತಿದ್ದೆ. ಮನೆಗೆ ತಂದು ಕುಟ್ಟಿ, ಜರಡಿ ಹಿಡಿದು, ಮೊದಲ ಲೇಪದ ಮಣ್ಣನ್ನು ನನ್ನ ಧಾರೆ ಸೀರೆಯ ಸೆರಗಿನ ತುಂಡಿನಲ್ಲಿ ಸೋಸುತ್ತಿದ್ದೆ. ರೇಷ್ಮೆಯಲ್ಲಿ ಸೋಸಿದ ಮಣ್ಣು ಬೆಣ್ಣೆಯ ಹಾಗೆ ಇರುತ್ತದೆ. ಇಡೀ ಚಳ್ಳಕೆರೆಯಲ್ಲಿ ಅಂಥ ಮಣ್ಣು ಇನ್ನೊಂದಿರಲಿಲ್ಲ. ಇದು ಜಂಬವಲ್ಲ, ನಿಜ.

ಎಂಟನೆಯ ವರ್ಷ ಬೇಸಿಗೆ ಕಳೆದ ಮೇಲೆ ಸಿದ್ದಾಪುರದ ಕಡೆಯಿಂದ ಒಬ್ಬ ದನಗಾಹಿ ಬಂದ. ಬ್ರಹ್ಮಗಿರಿ ಗುಡ್ಡದ ಬುಡದಲ್ಲಿ ಅವರ ಮನೆ. ನಲವತ್ತರ ಆಸುಪಾಸಿನ ಆಳು, ಬೆರಳುಗಳು ಒಂದೊಂದೂ ಬಾಳೆಕಾಯಿಯಂತಿದ್ದವು. ಅವನ ದೊಡ್ಡಪ್ಪ ತೀರಿಹೋಗಿ, ಮನೆತನದ ಹಿಂಡು ಇವನ ಪಾಲಿಗೆ ಬಂದಿತ್ತು. ಅವರ ಮನೆಯಲ್ಲಿ ಹಿಂಡಿನ ಹಿರಿಯನಾದವನು ಒಂದು ಪಂಚಲೋಹದ ಉಂಗುರ ಹಾಕಿಕೊಳ್ಳಬೇಕು. ಮೇಲೆ ಎತ್ತಿನ ಗೊರಸಿನ ಗುರುತು. ಅದು ಬೆರಳಲ್ಲಿ ಇಲ್ಲದೆ ಕೋಲು ಹಿಡಿದು ಹಿಂಡಿನ ಮುಂದೆ ನಿಲ್ಲುವಂತಿಲ್ಲ. ದೊಡ್ಡಪ್ಪನ ಉಂಗುರ ಇವನ ಕಿರುಬೆರಳಿಗೂ ಹಿಡಿಯುತ್ತಿರಲಿಲ್ಲ.

"ಕತ್ತರಿಸಿ ಬೆಸುಗೆ ಹಾಕಂಗಿಲ್ಲ ಯಜಮಾನ್ರೇ," ಅಂದ. "ನಮ್ಮಲ್ಲಿ ಉಂಗುರಕ್ಕೆ ಗರಗಸ ಇಡಬಾರ್ದು. ಕರಗಿಸಬೋದು. ಬ್ಯಾರೆ ಲೋಹ ಮಾತ್ರ ಒಂದು ಗುಂಜಿನೂ ಸೇರಿಸಂಗಿಲ್ಲ."

ಹಳೆಯ ಉಂಗುರ ದಪ್ಪವಾಗಿತ್ತು. ಸ್ವಲ್ಪ ತೆಳ್ಳಗೆ ಮಾಡಿದರೆ ದೊಡ್ಡ ಬೆರಳಿಗೂ ಸಾಲುತ್ತಿತ್ತು. ಮಾವ ಕಾಗದದ ಪಟ್ಟಿ ಅವನ ಬೆರಳಿಗೆ ಸುತ್ತಿ, ಪೆನ್ಸಿಲ್ಲಿನಿಂದ ಗುರುತು ಹಾಕಿಕೊಂಡರು. ಹಾಕುವಾಗ ಪಟ್ಟಿಯನ್ನು ಮೂಗಿನ ಹತ್ತಿರ ತಂದರು. ನಾನು ಅದನ್ನು ಕಂಡೆ. ಅವರ ಕಣ್ಣಿಗೆ ಪೊರೆ ಬಂದು ವರ್ಷವಾಗಿತ್ತು. ಕಣ್ಣಿನ ಶಿಬಿರ ಇದೆಯೆಂದು ಆಟೋದಲ್ಲಿ ಮೈಕು ಹಿಡಿದು ಕೂಗಿಕೊಂಡು ಹೋದಾಗ, "ಕಣ್ಣು ಕಾಣದೋರು ಹೋಗ್ಲಿ" ಅಂದುಬಿಟ್ಟಿದ್ದರು.

ವಾರ ಕಳೆದು ದನಗಾಹಿ ಎರಡು ಬಸ್ಸು ಬದಲಿಸಿ ಬಂದ. ಉಂಗುರ ಗೆಣ್ಣಿನ ಹತ್ತಿರ ನಿಂತುಬಿಟ್ಟಿತು. ಸೋಪು ಹಚ್ಚಿದ, ಎಣ್ಣೆ ಹಚ್ಚಿದ, ಹಲ್ಲು ಕಚ್ಚಿ ಒತ್ತಿದ. ಕೊನೆಗೆ ನನ್ನ ಕಡೆ ತಿರುಗಿ, ನನ್ನ ತವರಿನಲ್ಲಿ ಅರ್ಧ ಊರು ಆಡುವ ತೆಲುಗಿನಲ್ಲಿ, "ಪಟ್ಟಲೇದಕ್ಕಾ" ಅಂದ. ಹಿಡಿಸಲಿಲ್ಲ ಅಂತ. ಬಡಿದು ಹಿಗ್ಗಿಸೋಣವೆಂದರೆ ಎರಕದ ಲೋಹ ಬಿರುಕು ಬಿಡುತ್ತದೆ.

ಮಾವ ಉಂಗುರವನ್ನು ಅತ್ತಿತ್ತ ತಿರುಗಿಸಿ ಹೇಳಿದರು, "ಮಣ್ಣು ಒಣಗುವಾಗ ಬಿಗಿದುಕೊಂಡೈತೆ. ಕಲಸಿದ್ದು ಸರಿ ಆಗಿಲ್ಲ."

ಗಿರಾಕಿಯ ಎದುರಿಗೆ! ಆ ಮನುಷ್ಯ ನನ್ನ ಮುಖ ನೋಡಿದ. ಮಣ್ಣು ಕಲಸಲೂ ಬಾರದ ಸೊಸೆ ಎಂದು ಅವನು ಅಂದುಕೊಂಡಿದ್ದರೆ ಅದರಲ್ಲಿ ಅವನ ತಪ್ಪೇನೂ ಇರಲಿಲ್ಲ. ನಾನು ಎದ್ದು ಒಳಗೆ ಹೋಗಿ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ತೊಳೆದೆ.

ಉಂಗುರ ಮತ್ತೆ ಮೂಸೆಗೆ ಹೋಗಬೇಕಾಯಿತು. ಕರಗಿಸಿದಷ್ಟು ಸಲವೂ ಲೋಹ ಸವೆಯುತ್ತದೆ. ಕಿಟ್ಟವಾಗಿ ಒಂದಿಷ್ಟು, ಅರದ ಪುಡಿಯಾಗಿ ಒಂದಿಷ್ಟು, ಮೂಸೆಯ ಗೋಡೆಗೆ ಅಂಟಿ ಒಂದಿಷ್ಟು. ಬೇರೆ ಲೋಹ ಸೇರಿಸುವಂತಿಲ್ಲ. ಇನ್ನೊಮ್ಮೆ ತಪ್ಪಾದರೆ ಕಷ್ಟ ಎಂದು ನನಗೆ ಗೊತ್ತಿತ್ತು. ಮಾವನಿಗೆ ಗೆರೆ ಕಾಣಿಸುತ್ತಿಲ್ಲ, ಒಂದು ಗೆರೆ ಸಣ್ಣ ತುದಿಯ ಕಡೆಗೇ ಸುತ್ತುತ್ತಿದ್ದಾರೆ ಎಂದೂ ಗೊತ್ತಿತ್ತು. ಬಾಯಿಬಿಟ್ಟು ಹೇಳುವ ಧೈರ್ಯ ಇರಲಿಲ್ಲ. ಅದಕ್ಕೆ ಒಂದು ಉಪಾಯ ಮಾಡಿದೆ. ಅವರು ಚಹಾ ಕುಡಿಯಲು ಹೋಟೆಲಿಗೆ ಹೋದಾಗ, ಕಾಗದದ ಪಟ್ಟಿ ತೆಗೆದು, ಹಳೆಯ ಗುರುತನ್ನು ಉಜ್ಜಿ, ಒಂದು ಗೆರೆಗೆ ಸಾಕಾಗುವಷ್ಟು ಆಚೆಗೆ ಹೊಸ ಗುರುತು ಹಾಕಿದೆ. ಅವರು ಒಂದು ಗೆರೆ ತಪ್ಪಲಿ, ಆಗ ಸರಿಹೋಗುತ್ತದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಆವತ್ತು ಮಣ್ಣನ್ನು ಎರಡು ಸಲ ಸೋಸಿದೆ.

ದನಗಾಹಿ ಮೂರನೆಯ ಸಲ ಬಂದ. ಉಂಗುರ ಹಾಕಿಕೊಂಡು ಕೈ ಕೆಳಗೆ ಬಿಟ್ಟ. ಉಂಗುರ ಜಾರಿ ಟಣ್ಣೆಂದು ಕಲ್ಲಿನ ಮೇಲೆ ಬಿತ್ತು.

ಮಾವ ಅಂದರು, "ಈ ಸಲ ಮಣ್ಣು ಅರಳೈತೆ."

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. "ಹೋದ್ಸಲ ಬಿಗೀತು, ಈ ಸಲ ಅರಳ್ತಾ? ಮಣ್ಣೇನು ಚಪಾತಿ ಹಿಟ್ಟಾ ಮಾವ?"

"ಮತ್ತೆ ಹೆಂಗೆ ದೊಡ್ಡದಾಯ್ತು? ನಾನೇ ಈ ಸಲ ಹುಷಾರಾಗಿ ಒಂದು ಗೆರೆ ಜಾಸ್ತಿ ಇಟ್ಟಿದ್ದೆ, ಅಷ್ಟೇ. ಒಂದು ಗೆರೆಗೆ ಇಷ್ಟು ದೊಡ್ಡದಾಗಲ್ಲ."

ಮಾತು ಬಾಯಿಂದ ಬಿದ್ದ ಮೇಲೆ ಅವರಿಗೆ ಅರಿವಾಯಿತು. ನನಗೂ ಆಯಿತು.

"ಯಾಕೆ ಜಾಸ್ತಿ ಇಟ್ರಿ?" ಅಂದೆ. "ಹೋದ್ಸಲ ಕೆಟ್ಟದ್ದು ಮಣ್ಣಿಂದ ಆದ್ರೆ ಗೆರೆ ಯಾಕೆ ಬದಲಾಯಿಸಿದ್ರಿ? ಗೆರೆ ತಪ್ಪಿದ್ದು ನಿಮಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಮೇಲೆ ಹಾಕಿದ್ರಿ. ನಿಮಗೆ ಕಣ್ಣು ಕಾಣಲ್ಲ ಮಾವ!"

ಎಂಟು ವರ್ಷದಲ್ಲಿ ಅವರೆದುರು ನಾನು ದನಿ ಎತ್ತಿದ್ದು ಅದೇ ಮೊದಲು. ಅವರು ನೆಲ ನೋಡಿದರು. ನಾನು ಅಲ್ಲಿಗೆ ನಿಲ್ಲಿಸಿದ್ದರೆ ಗೆದ್ದಂತಾಗುತ್ತಿತ್ತು. ಆದರೆ ಅವರ ಮುಂದಿನ ಪ್ರಶ್ನೆ ಸಣ್ಣ ದನಿಯಲ್ಲಿ ಬಂತು. "ಹಂಗಾದ್ರೆ ಇನ್ನೊಂದು ಗೆರೆ ಎಲ್ಲಿಂದ ಬಂತವ್ವಾ?"

ಹೇಳಲೇಬೇಕಾಯಿತು. ಕಾಗದದ ಗುರುತು ನಾನೇ ಸರಿಸಿದೆ ಎಂದು ಒಪ್ಪಿಕೊಂಡೆ. ಅವರ ತಪ್ಪು ತಿದ್ದಲು ನಾನು ಹೋದೆ, ಅವರದೇ ತಪ್ಪು ತಿದ್ದಲು ಅವರೂ ಹೋದರು. ಒಂದೇ ಜಗಲಿಯ ಮೇಲೆ ಎರಡು ಮೊಳ ದೂರ ಕೂತವರು ಒಬ್ಬರಿಗೊಬ್ಬರು ಹೇಳಲಿಲ್ಲ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು, ಸಿಟ್ಟೂ ಇಳಿದಿರಲಿಲ್ಲ.

ದನಗಾಹಿ ಉಂಗುರವನ್ನು ಎತ್ತಿಕೊಂಡು ಧೂಳು ಒರೆಸಿದ. "ಯಾರ ತಪ್ಪಾದ್ರೂ ಆಗ್ಲಿ. ನನ್ನ ತಮ್ಮ ನನ್ನ ಬದಲಿಗೆ ಹಿಂಡು ಹೊಡಕೊಂಡು ಹೋಗ್ತಾ ಅವ್ನೆ. ಮನೆಯಾಗೆ ಆಡ್ಕಂತಾ ಅವ್ರೆ. ಇನ್ನೊಂದು ಸಲಕ್ಕೆ ಲೋಹ ಸಾಲ್ತದಾ, ಅದು ಹೇಳ್ರಿ."

ಮಾವ ತಕ್ಕಡಿಯಲ್ಲಿಟ್ಟರು. ಮುಳ್ಳು ಅವರಿಗೆ ಕಾಣಲಿಲ್ಲ. ಮೊದಲ ಸಲ ತಕ್ಕಡಿಯನ್ನು ನನ್ನ ಕಡೆ ತಿರುಗಿಸಿದರು. "ಒಂದೇ ಸಲಕ್ಕೆ," ಅಂದೆ.

ಅವನು ಅಲ್ಲೇ ಉಳಿದ. ಉಂಗುರ ಬೆರಳಿಗೇರುವ ತನಕ ಊರಿಗೆ ಹೋಗುವುದಿಲ್ಲವೆಂದು ಜಗಲಿಯ ಕಂಬಕ್ಕೆ ಒರಗಿ ಕೂತ. ಮಾವ ಗೆರೆಯ ಕೋಲನ್ನು ನನ್ನ ಮುಂದೆ ಇಟ್ಟು, ಜರಡಿಯ ಹತ್ತಿರ ಹೋಗಿ ಕುಕ್ಕರಿಸಿದರು. ಯಾರೂ ಯಾರಿಗೂ ಏನೂ ಕೊಟ್ಟ ಹಾಗೆ ಇರಲಿಲ್ಲ ಅದು. ಮುನಿಸಿಕೊಂಡವರು ಜಾಗ ಬದಲಿಸಿದ ಹಾಗಿತ್ತು.

ನಾನೇ ಹೊಸದಾಗಿ ಅಳತೆ ತೆಗೆದೆ. ಗೆರೆಗಳನ್ನು ಮೂರು ಸಲ ಎಣಿಸಿದೆ. ಮೇಣ ನನ್ನ ಕೈಗೆ ಹೊಸದು, ಆದರೆ ಎಳೆ ಹೊಸೆಯುವುದು ಹೊಸದಲ್ಲವಲ್ಲ. ಹುಟ್ಟಿದಾಗಿನಿಂದ ಮಾಡಿದ್ದು ಅದೇ. ಗೊರಸಿನ ಗುರುತನ್ನು ಸೂಜಿಯ ತುದಿಯಿಂದ ಒತ್ತಿದೆ. ಅತ್ತ ಮಾವ ಮಣ್ಣು ಸೋಸುತ್ತಿದ್ದರು. ಸೆರಗಿನ ತುಂಡನ್ನು ತಿರುವುಮುರುವಾಗಿ ಹಿಡಿದಿದ್ದರು. ಸಗಣಿ ನೀರು ಹೆಚ್ಚಾಯಿತು, ಮತ್ತೆ ಮಣ್ಣು ಸುರಿದರು, ಮತ್ತೆ ನೀರು. ನೋಡಿ ನೋಡಿ ನನ್ನ ಕೈ ತುರಿಸುತ್ತಿತ್ತು. ಹೇಳಲಿಲ್ಲ. ಹೇಳುವುದಕ್ಕೆ ಇನ್ನೇನು ಬಾಯಿ ಉಳಿದಿತ್ತು ನನಗೆ?

ಮೂರು ದಿನ ಅಚ್ಚು ಒಣಗಿತು. ನಾಲ್ಕನೆಯ ದಿನ ಬೆಳಗಿನ ಹೊತ್ತಿಗೆ ಮೇಣ ಇಳಿಸಿ, ಇಕ್ಕಳದಲ್ಲಿ ಮೂಸೆ ಹಿಡಿದು ನಾನೇ ಹೊಯ್ದೆ. ಲೋಹ ಇಳಿಯಿತು, ಇಳಿಯಿತು, ಅಚ್ಚಿನ ಬಾಯಿಯವರೆಗೆ ಬಂದು ಸಾಸಿವೆಯಷ್ಟು ಮೇಲೆ ನಿಂತಿತು. ಮೂಸೆ ಬರಿದಾಗಿತ್ತು. ಆರಿದ ಮೇಲೆ ಮಾವ ಮಣ್ಣು ಒಡೆದು, ಬೆರಳಲ್ಲೇ ಸವರಿ ನೋಡಿ, ನನಗೆ ಕೊಟ್ಟರು. ಅರ ಹಾಕಿ ಬಾಯಿಯ ಗುರುತು ತೆಗೆದೆ.

ದನಗಾಹಿ ಎದ್ದು ನಿಂತು ಹಾಕಿಕೊಂಡ. ಗೆಣ್ಣಿನ ಹತ್ತಿರ ಸ್ವಲ್ಪ ತಡೆದು, ಒಳಗೆ ಹೋಗಿ ಕೂತಿತು. ಕೈ ಕೆಳಗೆ ಬಿಟ್ಟ, ಕೊಡವಿದ, ಕೋಲು ಹಿಡಿಯುವ ಹಾಗೆ ಮುಷ್ಟಿ ಕಟ್ಟಿದ. ಬರೋಬರಿ ಕೂತಿತ್ತು. ಅವನ ಕಣ್ಣು ತುಂಬಿತು. ಬಗ್ಗಿ ಕಾಲು ಮುಟ್ಟಿದ. ನನ್ನದಲ್ಲ, ಮಾವನದು. "ನಿಮ್ಮ ಕೈ ಇನ್ನೂ ಐತೆ ಯಜಮಾನ್ರೇ," ಅಂದ. ನಾಲ್ಕು ದಿನ ಅಲ್ಲೇ ಕೂತು ಎಲ್ಲವನ್ನೂ ಕಣ್ಣಾರೆ ನೋಡಿದ ಮನುಷ್ಯ!

ಮಾವ ಏನು ಹೇಳುತ್ತಾರೆಂದು ನಾನು ಕಾದೆ. ಸೊಸೆ ಮಾಡಿದ್ದು ಅನ್ನಬಹುದಿತ್ತು. ಎರಡೇ ಮಾತು. ಅವರು ಅಂಗೈಗೆ ಅಂಟಿದ ಬೂದಿ ಕೊಡವಿಕೊಳ್ಳುತ್ತ, ಗಂಭೀರವಾಗಿ ಹೇಳಿದರು.

"ಈ ಸಲ ಮಣ್ಣು ಚೆನ್ನಾಗಿತ್ತು."

ಎಂಟು ವರ್ಷ ಅದೇ ಹುತ್ತ, ಅದೇ ಸಗಣಿ, ಅದೇ ಸೆರಗಿನ ತುಂಡು. ಒಂದು ದಿನ ಅವರ ಕೈ ತಾಗಿದ್ದೇ ತಡ, ಮಣ್ಣು ಚೆನ್ನಾಗಿಬಿಟ್ಟಿತು! ನಗಬೇಕೋ ಅಳಬೇಕೋ ತಿಳಿಯದೆ ಒಳಗೆ ಹೋಗಿ ಮತ್ತೆ ಪಾತ್ರೆ ತೊಳೆದೆ. ಆವತ್ತು ತೊಳೆಯಲು ಪಾತ್ರೆಗಳೇ ಇರಲಿಲ್ಲ, ತೊಳೆದಿದ್ದನ್ನೇ ತೊಳೆದೆ.

ಮರುದಿನ ಜಗಲಿಗೆ ಬಂದಾಗ ಮಾವ ಆಗಲೇ ಜರಡಿ ಹಿಡಿದು ಕೂತಿದ್ದರು. ಅವರ ಅಪ್ಪನ ಕಾಲದ ಕೋಲು ನನ್ನ ಮಣೆಯ ಮೇಲಿತ್ತು. ಹೊಸ ಗಿರಾಕಿಯ ಅಳತೆಯ ಪಟ್ಟಿಯನ್ನು ತಲೆ ಎತ್ತದೆ ನನ್ನ ಕಡೆ ಚಾಚಿದರು.

"ಗೆರೆ ಸರಿಯಾಗಿ ನೋಡ್ಕೊಳವ್ವಾ," ಅಂದರು. "ಆಮ್ಯಾಲೆ ತಪ್ಪೆಲ್ಲ ಮಣ್ಣಿನ ಮ್ಯಾಲೆ ಹಾಕಬ್ಯಾಡ."