ಫ್ರಿಜ್ಜಿನ ಮುಂದಿನ ಚಾಪೆ

ಇವತ್ತು ಬೆಳಿಗ್ಗೆ ಬಟಾಣಿ ತೆಗೆಯಲು ಫ್ರೀಜರಿಗೆ ಕೈ ಹಾಕಿದರೆ, ಬೆರಳಿಗೆ ತಗುಲಿದ್ದು ಐಸ್ ಕ್ರೀಂ ಬಟ್ಟಲು. ಮೊಮ್ಮಗಳು ಅಮ್ಮುವಿಗೆಂದು ನಿನ್ನೆ ಸಂಜೆ ನಾನೇ ಇಟ್ಟದ್ದು. ಬಟಾಣಿ ಮರೆತೇಹೋಯಿತು. ಬಟ್ಟಲನ್ನು ಹೊರಗೆಳೆದು, ಕಿವಿಯ ಹತ್ತಿರ ಹಿಡಿದು, ತೆಂಗಿನಕಾಯಿಯಲ್ಲಿ ನೀರಿದೆಯೇ ಎಂದು ನೋಡುವವರ ಹಾಗೆ ಅಲ್ಲಾಡಿಸಿದೆ. ಗುಳುಗುಳು ಎಂದಿತು, ಮತ್ತೆ ಒಳಗಿಟ್ಟೆ. ಮಗಳು ಸುಮ ಬೆಳಗಾಗುತ್ತಲೇ ಗಂಡನ ಜೊತೆ ಮೈಸೂರಿಗೆ ಸ್ಕ್ಯಾನಿಂಗಿಗೆ ಹೋಗಿದ್ದಾಳೆ. ಅವಳಿಗೆ ಈಗ ಮತ್ತೆ ಆರು ತಿಂಗಳು. ಮಗಳು ಅಲ್ಲಿ, ಬಟ್ಟಲು ಇಲ್ಲಿ, ಇದಕ್ಕೂ ಅದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಹೇಳುತ್ತೇನೆ, ಇಲ್ಲದಿದ್ದರೆ ನನಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತೀರಿ.

ಈ ಬಟ್ಟಲಿಗೆ ಎರಡು ಪದರ. ನಡುವೆ ಏನೋ ನೀರಿನಂಥದ್ದನ್ನು ತುಂಬಿ ಮುಚ್ಚಿರುತ್ತಾರೆ. ಒಂದು ಹಗಲು, ಒಂದು ರಾತ್ರಿ ಫ್ರೀಜರಿನಲ್ಲಿ ತೆಪ್ಪಗೆ ಕೂತರೆ ಅದು ಗಡ್ಡೆ ಕಟ್ಟುತ್ತದೆ. ಆಮೇಲೆ ಬಟ್ಟಲನ್ನು ಕೇಕಿನ ಹಿಟ್ಟು ಕಲೆಸುವ ದೊಡ್ಡ ಮಿಕ್ಸರಿಗೆ ಸಿಕ್ಕಿಸಿ, ತಣ್ಣಗಿನ ಹಾಲು ಸುರಿದು ತಿರುಗಿಸಿದರೆ ಐಸ್ ಕ್ರೀಂ. ಅಲ್ಲಾಡಿಸಿದಾಗ ಒಳಗೆ ಗುಳುಗುಳು ಎಂದರೆ ಇನ್ನೂ ಆಗಿಲ್ಲವೆಂದು ಅರ್ಥ. ಸದ್ದು ಬರಬಾರದು. ಸದ್ದಿಲ್ಲದಿದ್ದರೇ ಒಳ್ಳೆಯದು ಎನ್ನುವ ಈ ಮಾತು ನನ್ನ ಎದೆಗೆ ಇಳಿಯುವುದಕ್ಕೆ ಬಹಳ ಕಷ್ಟವಾಯಿತು.

ಮಿಕ್ಸರು ಸುಮಳದು. ನರಸೀಪುರದ ಗಂಡನ ಮನೆಯಲ್ಲಿ ಅಕ್ಕಪಕ್ಕದವರ ಹುಟ್ಟುಹಬ್ಬಕ್ಕೆ ಕೇಕ್ ಮಾಡಿಕೊಡುತ್ತಿದ್ದಳು. ಅಮ್ಮುವನ್ನು ಹೊಟ್ಟೆಯಲ್ಲಿ ಹೊತ್ತು ನಂಜನಗೂಡಿಗೆ, ತವರಿಗೆ ಬಂದಾಗ ಅಳಿಯ ಅದನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದಿದ್ದ. ಆಗ ನಮ್ಮತ್ತೆ ಇದ್ದರು. ಮೂಗೂರಿನ ಹೆಣ್ಣುಮಗಳು. ನಂಜನಗೂಡಿಗೆ ಸೊಸೆಯಾಗಿ ಬಂದು ಕೂದಲು ಬೆಳ್ಳಗಾದರೂ ನಾಲಿಗೆ ಮಾತ್ರ ಮೂಗೂರು ಬಿಟ್ಟಿರಲಿಲ್ಲ. ಮಿಕ್ಸರನ್ನು ಸುತ್ತು ಹಾಕಿ ನೋಡಿ, "ಇದೇನವ್ವಾ, ಕುದ್ರೆ ಮೂತಿ ಇದ್ದಂಗದೆ! ಉಲ್ಲು ಆಕ್ಬೇಕಾ ಇದ್ಕೆ?" ಎಂದಿದ್ದರು.

ನಗುವ ಕಾಲವಾಗಿರಲಿಲ್ಲ ಅದು. ಅದರ ಹಿಂದಿನ ವರ್ಷ ಸುಮ ಒಮ್ಮೆ ಬಸುರಿಯಾಗಿದ್ದಳು. ಆರನೇ ತಿಂಗಳಲ್ಲಿ ಸ್ಕ್ಯಾನಿಂಗಿಗೆ ನಾನೇ ಜೊತೆಗೆ ಹೋಗಿದ್ದೆ. ಡಾಕ್ಟರಮ್ಮ ಆ ಯಂತ್ರವನ್ನು ಹೊಟ್ಟೆಯ ಮೇಲೆ ಆಚೆ ಈಚೆ ಆಡಿಸಿದರು, ಒತ್ತಿ ನೋಡಿದರು, ಮತ್ತೆ ಆಡಿಸಿದರು. ಕೊನೆಗೆ ಕೈ ತೆಗೆದು, "ಸದ್ದಿಲ್ಲಮ್ಮ" ಎಂದರು. ಮಗುವಿನ ಎದೆ ಬಡಿತದ ಸದ್ದು. ಅಲ್ಲಿಂದ ಮನೆಗೆ ಹೇಗೆ ಬಂದೆವೋ ನನಗೆ ಇಂದಿಗೂ ನೆನಪಿಲ್ಲ.

ಹೀಗಾಗಿ ಎರಡನೇ ಸಲ ನಾನು ಜೀವ ಕೈಯಲ್ಲಿ ಹಿಡಿದುಕೊಂಡೇ ಓಡಾಡುತ್ತಿದ್ದೆ. ಕಾಫಿ ಕೊಡುವಾಗ "ಒದೀತಾ?", ತಲೆ ಬಾಚುವಾಗ "ಒದೀತಾ?" ಒಂದು ದಿನ ಸುಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಅಮ್ಮ, ಇನ್ನೊಂದ್ಸಲ ಕೇಳಿದ್ರೆ ನರಸೀಪುರದ ಬಸ್ ಹತ್ತಿಬಿಡ್ತೀನಿ. ನೀನು ಕೇಳಿದಾಗ್ಲೆಲ್ಲ ನಂಗೆ ಭಯ ಆಗುತ್ತೆ ಕಣಮ್ಮ" ಎಂದಳು. ಅಂದಿನಿಂದ ಹೊಟ್ಟೆ ಮುಟ್ಟಲೂ ಬಿಡಲಿಲ್ಲ. ಊಟವೋ, ದೇವರಿಗೇ ಪ್ರೀತಿ. ಏನು ಮಾಡಿಟ್ಟರೂ ಎರಡು ತುತ್ತು. ಮಗುವಿನ ತೂಕ ಸಾಲದು, ಸೋಮವಾರ ಮತ್ತೆ ನೋಡೋಣ ಎಂದಿದ್ದರು ಡಾಕ್ಟರಮ್ಮ.

ಅಂಥದ್ದರಲ್ಲಿ ಒಂದು ಮಧ್ಯಾಹ್ನ ಅವಳೇ ಬಾಯಿಬಿಟ್ಟು, "ರಸಬಾಳೆ ಹಣ್ಣಿನ ಐಸ್ ಕ್ರೀಂ ತಿನ್ಬೇಕು ಅನ್ಸುತ್ತೆ" ಎಂದಳು. ಹೊರಗಿನದು ಕೂಡದು ಎಂದು ಡಾಕ್ಟರ ಅಪ್ಪಣೆಯಾಗಿತ್ತು. ಮನೆಯಲ್ಲೇ ಆಗಬೇಕು. ವಿಷಯ ಅತ್ತೆಯ ನ್ಯಾಯಸ್ಥಾನಕ್ಕೆ ಹೋಯಿತು. ಅಲ್ಲಿ ಎರಡು ಕಾನೂನು. "ಬಸ್ರಿಗೆ ತಣ್ಣುಗಿರದು ಕೊಟ್ರೆ ಸೀತ ಆಯ್ತದೆ" ಅನ್ನುವುದು ಒಂದು. "ಬಯ್ಕೆ ತೀರುಸ್ದೆ ಓದ್ರೆ ಕೂಸಿನ ಕಿವಿ ಸೋರ್ತದೆ" ಅನ್ನುವುದು ಇನ್ನೊಂದು. ಅತ್ತೆ ಎಲೆಗೆ ಸುಣ್ಣ ಸವರುತ್ತಾ ಬಹಳ ಹೊತ್ತು ಯೋಚಿಸಿ, "ಸೀತ ಆದ್ರೆ ಮೆಣಸಿನ ಸಾರದೆ. ಕಿವಿ ಸೋರುದ್ರೆ ಏನ್ ಮಾಡೀಯೆ? ಮಾಡ್ಕೊಡು" ಎಂದು ತೀರ್ಪು ಕೊಟ್ಟರು.

ರಸಬಾಳೆ ಈಗ ನಂಜನಗೂಡಿನಲ್ಲೂ ಹುಡುಕಿದರಷ್ಟೇ ಸಿಗುವ ಹಣ್ಣು. ಹೇಗೋ ಒಂದು ಚಿಪ್ಪು ಹೊಂದಿಸಿದೆ. ಹಾಲು ಕಾಯಿಸಿ, ಇಳಿಸಿ, ಕೆನೆ, ಕಿವುಚಿದ ಹಣ್ಣು ಬೆರೆಸಿ ತಣ್ಣಗಿಟ್ಟೆ. ಬಟ್ಟಲು ಫ್ರೀಜರಿನಲ್ಲಿತ್ತು. ಆದರೆ ನನ್ನ ಕೈ ಸುಮ್ಮನಿರಬೇಕಲ್ಲ! ಒಗ್ಗರಣೆ ಹಾಕಿದ ಕೈಯಲ್ಲೇ ಬಾಗಿಲು ತೆಗೆದು ಬಟ್ಟಲನ್ನು ಅಲ್ಲಾಡಿಸುತ್ತಿದ್ದೆ. ಗುಳುಗುಳು. ಬಟ್ಟೆ ಒಣಹಾಕಿ ಬಂದು ಮತ್ತೆ. ಗುಳುಗುಳು. ಮಗಳ ಹೊಟ್ಟೆಗೆ ಕಿವಿಗೊಡುವಂತಿಲ್ಲವೆಂದು ಬಟ್ಟಲಿಗೆ ಕಿವಿಗೊಡುತ್ತಿದ್ದೆ ಅಂತ ಈಗ ಅನ್ನಿಸುತ್ತದೆ. ಆಗ ಅನ್ನಿಸಿರಲಿಲ್ಲ. ಮಾರನೆಯ ದಿನ ಮಿಕ್ಸರು ಎಷ್ಟು ತಿರುಗಿದರೂ ಹಾಲು ಹಾಲಾಗಿಯೇ ಉಳಿಯಿತು. ಸುಮ ಬಟ್ಟಲೊಳಗೆ ಇಣುಕಿ, ಎದ್ದುಹೋಗಿ ಮಲಗಿದಳು. ನನಗೆ ಅಳು ಉಕ್ಕಿ ಬಂತು.

ಅಷ್ಟನ್ನೂ ನೋಡುತ್ತಿದ್ದ ಅತ್ತೆ ಹೇಳಿದರು. "ಅಕ್ಕಿ ಬೆಂದದಾ ಅಂತ ಗಳ್ಗೆಗೊಂದ್ಸಲ ಮುಚ್ಳ ತಗದ್ರೆ ಅನ್ನ ಎಲ್ಲಾದದವ್ವಾ? ನಾಳೀಕೆ ನಾ ನೋಡ್ಕತೀನಿ, ಬುಡು."

ಅತ್ತೆ ನೋಡಿಕೊಂಡ ಬಗೆ ಇದು. ಬಟ್ಟಲನ್ನು ತೊಳೆದು ಫ್ರೀಜರಿನಲ್ಲಿಟ್ಟು, ಫ್ರಿಜ್ಜಿನ ಬಾಗಿಲಿಗೆ ಒತ್ತಿ ಚಾಪೆ ಹಾಸಿ, ಎಲೆಅಡಿಕೆ ಚೀಲ ತಲೆದಿಂಬಾಗಿಸಿ ಅಡ್ಡಾದರು. "ಇದ್ರ ಬಾಗ್ಲಿಗೆ ಕೈ ಆಕ್ದೋರ ಕೈ ಮುರೀತೀನಿ!" ಮೊಸರಿಗೂ ದಾರಿ ಇಲ್ಲ, ಕೊತ್ತಂಬರಿ ಸೊಪ್ಪಿಗೂ ಇಲ್ಲ. ಮಧ್ಯಾಹ್ನ ಕರೆಂಟು ಬೇರೆ ಹೋಯಿತು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅತ್ತೆ, ಒಂದೇ ಸಲ ನೋಡಿಬಿಡ್ತೀನಿ" ಎಂದು ಗೋಗರೆದೆ. "ಓಗಿ ಒಳೆ ತಾವ ಕುಂತ್ಕ ಬಾ, ಓಗು" ಎಂದು ಅಟ್ಟಿದರು. ಕಪಿಲೆಯ ಮೆಟ್ಟಿಲ ಮೇಲೆ ಕೂತೆ. ಹೊಳೆ ನನ್ನ ಕಣ್ಣಿಗೆ ಬೀಳಲೇ ಇಲ್ಲ. ಕರೆಂಟು ಬಂತೋ ಇಲ್ಲವೋ, ಮಗು ಒದೆಯಿತೋ ಇಲ್ಲವೋ ಎಂದು ಎರಡು ಭಯಗಳೂ ಒಂದರೊಳಗೊಂದು ಕಲೆತುಹೋಗಿದ್ದವು.

ಮರುದಿನ ಬೆಳಿಗ್ಗೆ ಅತ್ತೆ ಚಾಪೆ ಸುತ್ತಿಟ್ಟು, ತಾವೇ ಬಟ್ಟಲು ತೆಗೆದು ಕಿವಿಗೆ ಹಿಡಿದು ಅಲ್ಲಾಡಿಸಿದರು. ನಮ್ಮ ಕಡೆ ತಿರುಗಿ, "ಸದ್ದಿಲ್ಲ ಕಣವ್ವ" ಎಂದರು.

ಒಳ್ಳೆಯ ಸುದ್ದಿಯೇ. ಗೊತ್ತಿತ್ತು. ಆದರೂ ಗೋಡೆ ಹಿಡಿದುಕೊಂಡೆ. ಸುಮ ನನ್ನ ಮುಖ ನೋಡಿದಳು. ಆ ಮಾತನ್ನು ಅವಳೂ ಸ್ಕ್ಯಾನಿಂಗ್ ಕೋಣೆಯಲ್ಲಿ ಮಲಗಿ ಕೇಳಿದ್ದವಳಲ್ಲವೇ. ಹತ್ತಿರ ಬಂದು, ನನ್ನ ಕೈ ತೆಗೆದುಕೊಂಡು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. "ತಾಳು" ಎಂದಳು. ತಾಳಿದೆ. ಒಳಗಿನಿಂದ ಯಾರೋ ಬಾಗಿಲು ತಟ್ಟಿದರು.

ಆ ಐಸ್ ಕ್ರೀಮನ್ನು ಅತ್ತೆ ಅರ್ಧ ಕರಗಿಸಿ, "ಈಗ ಸೀತ ಇಲ್ಲ, ತಿನ್ನು ಮಗ" ಎಂದು ಕೊಟ್ಟರು. ಸುಮ ಬಟ್ಟಲು ಕೆರೆದು ತಿಂದಳು, ಸಂಜೆ ಅನ್ನವನ್ನೂ ಕೇಳಿದಳು. ಸೋಮವಾರ ಆ ಕೋಣೆಯಲ್ಲಿ ಕೇಳಿದ ಟಕಟಕ ಸದ್ದೇ ಈ ಅಮ್ಮು. ಅವಳ ಕಿವಿ ಸೋರಲಿಲ್ಲ. ನಾವು ಹೇಳಿದ ಮಾತು ಮಾತ್ರ ಆ ಕಿವಿಗೆ ಬೀಳುವುದಿಲ್ಲ.

ಅತ್ತೆ ಈಗಿಲ್ಲ. ಇಷ್ಟನ್ನು ನಿಮಗೆ ಹೇಳುವಷ್ಟರಲ್ಲಿ ಬಿಸಿಲೇರಿದೆ. ಸುಮಳ ಫೋನು ಬಂದಿಲ್ಲ. ಒಳಗೆ ಹೋದರಾ, ಹೊರಗೆ ಬಂದರಾ, ಡಾಕ್ಟರಮ್ಮ ಏನೆಂದರು ಎಂದು ಕೇಳಲು ನಾಲ್ಕು ಸಲ ಫೋನು ಕೈಗೆತ್ತಿಕೊಂಡು ನಾಲ್ಕು ಸಲವೂ ಕೆಳಗಿಟ್ಟಿದ್ದೇನೆ. ಅಮ್ಮು ಬೇರೆ ಸೆರಗು ಜಗ್ಗುತ್ತಿದ್ದಾಳೆ, "ಅಜ್ಜಿ, ಆಯ್ತಾ? ಒಂದ್ಸಲ ತೆಗೆದು ನೋಡ್ಲಾ?"

ಫೋನನ್ನು ಫ್ರಿಜ್ಜಿನ ಮೇಲೆ ಇಟ್ಟೆ. ಅತ್ತೆಯ ಚಾಪೆ ತಂದು ಬಾಗಿಲಿಗೆ ಒತ್ತಿ ಹಾಸಿ, ಅಡ್ಡಾಗಿ, ಪಕ್ಕದಲ್ಲಿ ಅಮ್ಮುವಿಗೆ ಜಾಗ ಮಾಡಿದೆ.

"ಬಾಗ್ಲಿಗೆ ಕೈ ಹಾಕಿದ್ರೆ ಕೈ ಮುರೀತೀನಿ" ಎಂದೆ.

"ಯಾರ ಕೈ ಅಜ್ಜಿ?" ಎಂದಳು ಅಮ್ಮು.

"ನಂದೇ ಕಣೇ" ಎಂದೆ.