ಒಂದು ಕುಂಬಳಕಾಯಿ, ಎರಡು ಕಾರು

ನಮ್ಮ ಮನೆಯ ಗೇಟಿನೊಳಗೆ ಎರಡು ಕಾರುಗಳಿವೆ. ಒಂದು ನಮ್ಮ ಯಜಮಾನರದು. ಕೆಂಪು ಬಣ್ಣದ, ಎರಡೇ ಬಾಗಿಲಿನ ಪುಟ್ಟ ಸ್ಪೋರ್ಟ್ಸ್ ಕಾರು, ಅದೂ ಸೆಕೆಂಡ್ ಹ್ಯಾಂಡ್. ಇನ್ನೊಂದು ನನ್ನ ಮೈದುನನದು. ಬಿಳಿ ಬಣ್ಣ, ಇಟಲಿಯಿಂದ ಬಂದದ್ದು, ಎತ್ತರ ನನ್ನ ಸೊಂಟಕ್ಕಿಂತ ಒಂದಿಷ್ಟು ಹೆಚ್ಚು. ಅದರ ಬೆಲೆಯನ್ನು ನಾನು ಬರೆಯುವುದಿಲ್ಲ. ಬರೆದರೆ ನೀವು ಮುಂದಕ್ಕೆ ಓದದೆ ಆ ಅಂಕಿಯನ್ನೇ ನೋಡುತ್ತಾ ಕೂರುತ್ತೀರಿ. ನಮ್ಮ ಬೀದಿಯವರೂ ಹಾಗೇ ಕೂತಿದ್ದಾರೆ.

ಜರಗನಹಳ್ಳಿಯಲ್ಲಿ ಮಾವನವರು ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಈ ಮನೆ ನಿಂತಿದೆ. ಕೆಳಗೆ ನಾವು, ಮೇಲೆ ಮೈದುನನ ಸಂಸಾರ, ಅದರ ಮೇಲೆ ಬಾಡಿಗೆಯವರು. ಅತ್ತೆ ಎರಡೂ ಮನೆಗೆ ಸೇರಿದವರು. ಬೆಳಗಿನ ಕಾಫಿ ನಮ್ಮಲ್ಲಿ, ಸಂಜೆಯ ಮುದ್ದೆ ಮೇಲಿನ ಮನೆಯಲ್ಲಿ. ಅವರಿಗೆ ಉಳಿದಿದ್ದ ಆಸೆ ಒಂದೇ ಒಂದು: ತಾವು ಕಣ್ಣು ಮುಚ್ಚುವವರೆಗೂ ಮಕ್ಕಳಿಬ್ಬರೂ ಬೇರೆಯಾಗಬಾರದು.

ಅದನ್ನು ಅವರು ಅಳೆಯುತ್ತಿದ್ದದ್ದು ಆಯುಧಪೂಜೆಯ ದಿನ. ಮನೆಯ ಗಾಡಿಗಳನ್ನೆಲ್ಲ ಬೀದಿಯಲ್ಲಿ ಸಾಲಾಗಿ ನಿಲ್ಲಿಸಿ, ದೃಷ್ಟಿ ತಾಗದಿರಲೆಂದು ಅಷ್ಟಕ್ಕೂ ಸೇರಿಸಿ ಒಂದೇ ಬೂದುಗುಂಬಳಕಾಯಿ ಇಳಿ ತೆಗೆದು ಒಡೆಯುವುದು ನಮ್ಮ ಮನೆಯ ಪದ್ಧತಿ. ಅದಕ್ಕೆ ಮೊದಲು ಅತ್ತೆ ಬಲ ಅಂಗೈ ತುಂಬ ಅರಿಶಿನ ಕಲಸಿಕೊಂಡು ಪ್ರತಿಯೊಂದು ಗಾಡಿಯ ಮುಂದೆಯೂ ಒತ್ತಬೇಕು. ಹಿಂದೆ ಎತ್ತಿನ ಹಣೆಗೆ ಒತ್ತುತ್ತಿದ್ದರಂತೆ. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು, ಅದೂ ಹೋಗಿ ನೀರಿನ ಟ್ಯಾಂಕರ್, ಟೆಂಪೋ, ಸ್ಕೂಟರ್ ಬಂದವು. ಕೈ ಮಾತ್ರ ಅದೇ. “ಮನೆ ಒಡೆದೋರು ಎರಡು ಕಾಯಿ ಒಡೀತಾರೆ ಕಣವ್ವ, ನಮ್ದು ಒಂದೇ” ಎಂದು ಪ್ರತಿ ವರ್ಷ ನನಗೆ ಹೇಳುತ್ತಿದ್ದರು. ಕೇಳಿ ಕೇಳಿ ನನಗೆ ಸಾಕಾಗಿತ್ತು, ನಿಜ. ಈಗ ಆ ಮಾತು ಇನ್ನೊಮ್ಮೆ ಕೇಳಿಸಿದರೆ ಸಾಕು ಅನ್ನಿಸುತ್ತದೆ.

ಮೊದಲು ಬಂದದ್ದು ಕೆಂಪು ಕಾರು. ಟ್ಯಾಂಕರ್ ಓಡಿಸಿಯೇ ಜೀವ ಸವೆಸಿದ ಮನುಷ್ಯ ನಮ್ಮವರು. ಮಗಳ ಮದುವೆ ಮುಗಿದ ಮೇಲೆ, ಐವತ್ತು ದಾಟಿದ ಮೇಲೆ, ಇನ್ನು ನನಗೊಂದು ಅಂತ ತಂದರು. ಬೀದಿಯೇ ಗೇಟಿಗೆ ಬಂತು. ಮೈದುನ ಪಕ್ಕದ ಸೀಟಿನಲ್ಲಿ ಕೂತು ಒಂದು ಸುತ್ತು ಹೋಗಿ ಬಂದು, “ಸಖತ್ತಾಗಿದೆ ಅಣ್ಣ, ಎಂಥಾ ಪಿಕಪ್ಪು!” ಎಂದು ಅಣ್ಣನ ಬೆನ್ನು ತಟ್ಟಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನಮ್ಮವರು ಸರಕ್ಕಿ ಮಾರ್ಕೆಟ್ಟಿಗೆ ಸೊಪ್ಪು ತರಲೂ ಅದರಲ್ಲೇ ಹೋಗುತ್ತಿದ್ದರು. ಬನಶಂಕರಿಯ ತಿರುವಿನಲ್ಲಿ ಗೇರ್ ಬದಲಿಸುವಾಗ ಅವರ ಮುಖದಲ್ಲಿ ಕಾಣುತ್ತಿದ್ದ ಸಂತೋಷ ನಮ್ಮ ಮದುವೆಯ ಫೋಟೋಗಳಲ್ಲೂ ಇಲ್ಲ.

ಕೆಲವು ತಿಂಗಳಿಗೆ ಬಿಳಿ ಕಾರು ಬಂತು. ಮೈದುನ ಪಿಜಿ ಕಟ್ಟಡಗಳಲ್ಲಿ ಚೆನ್ನಾಗಿ ಮುಂದೆ ಬಂದವನು, ಅವನ ದುಡ್ಡು, ಅವನ ಇಷ್ಟ. ಆದರೆ ಬೀದಿ ಒಂದೇ ದಿನಕ್ಕೆ ಕೆಂಪು ಕಾರಿನಿಂದ ಎದ್ದು ಬಿಳಿ ಕಾರಿನ ಪಕ್ಕಕ್ಕೆ ಹೋಗಿ ನಿಂತುಬಿಟ್ಟಿತು. ಹುಡುಗರು ರೀಲ್ಸ್ ಮಾಡಿದರು. ಎದುರು ಮನೆಯವನೊಬ್ಬ ನಮ್ಮವರನ್ನು ಕೇಳಿದ: “ಏನ್ ಸಾರ್, ನಿಮ್ದು ಅದರ ಮರಿನಾ?” ಎಲ್ಲರೂ ನಕ್ಕರು, ನಮ್ಮವರೂ ನಕ್ಕರು. ಮಾರನೆಯ ದಿನ ಕೆಂಪು ಕಾರಿಗೆ ಹೊದಿಕೆ ಬಂತು.

ಎರಡರಲ್ಲಿ ಯಾವುದು ಮೇಲು ಎಂದು ನನ್ನನ್ನು ಯಾರೂ ಕೇಳಲಿಲ್ಲ. ಆದರೆ ಅಡುಗೆಮನೆಯ ಕಿಟಕಿಯಿಂದ ದಿನವೂ ಅವೆರಡನ್ನೇ ನೋಡುವವಳು ನಾನು, ನನಗೂ ಒಂದು ಅಭಿಪ್ರಾಯ ಇರುತ್ತದೆ. ಬಿಳಿ ಕಾರು ಗೇಟು ದಾಟಬೇಕಾದರೆ ಹಲಗೆ ಹಾಸಬೇಕು. ಮೂತಿ ಮೇಲೆತ್ತಲು ಅದಕ್ಕೊಂದು ಗುಂಡಿ ಇದೆ, ಅದನ್ನು ಒತ್ತಿದರೂ ನಮ್ಮ ಬೀದಿಯ ಹಂಪನ್ನು ಓರೆಯಾಗಿ, ಬಸುರಿ ಹೆಂಗಸು ಮೆಟ್ಟಿಲಿಳಿದ ಹಾಗೆ ದಾಟಬೇಕು. ಕನಕಪುರ ರಸ್ತೆಗೆ ಬಂದರೆ ಮುಂದೆ ಆಟೋ, ಹಿಂದೆ ಬಸ್ಸು, ಮೇಲೆ ಮೆಟ್ರೋ. ಅಷ್ಟು ದೊಡ್ಡ ಇಂಜಿನ್ ಇಟ್ಟುಕೊಂಡು ಸೊಪ್ಪಿನ ಗಾಡಿಯ ಹಿಂದೆ ತೆವಳುತ್ತದೆ. ಹಾಗಾಗಿ ಅದು ಹೊರಡುವುದು ಭಾನುವಾರ ನಸುಕಿನಲ್ಲಿ ಮಾತ್ರ.

ಸುಳ್ಳು ಯಾಕೆ ಹೇಳಲಿ, ಒಮ್ಮೆ ನಾನೂ ಕೂತಿದ್ದೇನೆ. ವಸಂತಪುರ ದಾಟಿ, ಊರಾಚೆಯ ಟೋಲ್ ರಸ್ತೆಯಲ್ಲಿ ಮೈದುನ ಒಂದೇ ಒಂದು ಸಲ ಆಕ್ಸಿಲರೇಟರ್ ಒತ್ತಿದ. ನನ್ನ ಹೊಟ್ಟೆ ಹಿಂದೆಯೇ ಉಳಿಯಿತು, ನಾನು ಹುಡುಗಿಯ ಹಾಗೆ ಕಿರುಚಿ ನಕ್ಕೆ. ನಮ್ಮ ಕೆಂಪು ಕಾರು ಏಳು ಜನ್ಮ ಎತ್ತಿದರೂ ಅಂಥ ಓಟ ಓಡದು. ಆದರೆ ಮನೆಗೆ ಬರುವ ದಾರಿಯಲ್ಲಿ ಪಕ್ಕದಲ್ಲಿ ಒಂದು ಬೈಕು ಬಂದರೆ ಸಾಕು, ಮೈದುನನ ಕತ್ತಿನ ನರ ಬಿಗಿಯುತ್ತಿತ್ತು. ನಮ್ಮವರು ಕಾರು ಓಡಿಸುವಾಗ ಏನಾದರೂ ಗುನುಗುತ್ತಾರೆ. ಇವನು ಉಸಿರನ್ನೇ ಬಿಗಿಹಿಡಿದಿದ್ದ. ಆಗ ಅವನು ಹೇಳಿದ:

“ಅತ್ತಿಗೆ, ಅಣ್ಣ ತಗೊಂಡಿದ್ದು ನೋಡಿನೇ ನಂಗೂ ಆಸೆ ಹುಟ್ಟಿದ್ದು. ಅಣ್ಣ ಒಂದ್ಸಲ ಓಡಿಸ್ಲಿ ಅಂತ ಕೀ ಕೊಡೋಕ್ ಹೋದೆ. ಬೇಡಪ್ಪ, ಅಂದ್ಬಿಟ್ಟ.”

ಮನೆಗೆ ಬಂದು ಇದನ್ನು ನಮ್ಮವರಿಗೆ ಹೇಳಿದರೆ, “ಕೀ ಕೊಡೋಕೆ ಬಂದಿದ್ದಲ್ಲ, ತೋರ್ಸೋಕೆ ಬಂದಿದ್ದ” ಎಂದರು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅನ್ನುವ ಗಾದೆ ನಮ್ಮಲ್ಲಿದೆ. ನಮ್ಮ ಮನೆಯಲ್ಲಿ ಬೆಳೆಯುವುದಕ್ಕೆ ಐವತ್ತು ವರ್ಷ ಹಿಡಿಯಿತು, ಅಷ್ಟೇ. ಮೆಟ್ಟಿಲಲ್ಲಿ ಎದುರಾದರೆ ಇಬ್ಬರೂ ಮೊಬೈಲು ನೋಡತೊಡಗಿದರು. ಅತ್ತೆಗೆ ತಿಳಿಯದೆ ಇದ್ದೀತೇ? “ಆಯುಧಪೂಜೆ ಬರ್ಲಿ, ಸರಿ ಹೋಗ್ತಾರೆ” ಎನ್ನುತ್ತಿದ್ದರು. ಕುಂಬಳಕಾಯಿಯನ್ನು ತಾವೇ ಹೋಗಿ, ತಟ್ಟಿ ನೋಡಿ, ದೊಡ್ಡದನ್ನೇ ಆರಿಸಿ ತಂದಿದ್ದರು.

ಹಬ್ಬದ ಹಿಂದಿನ ಸಂಜೆ ಮೈದುನ ಕೆಳಗೆ ಬಂದ. ನಮ್ಮವರು ಕಾರು ತೊಳೆಯುತ್ತಿದ್ದರು.

“ಅಣ್ಣ, ನಾಳೆ ವಿಷಯ ಒಂದಿತ್ತು. ನನ್ ಗಾಡೀದು ಮ್ಯಾಟ್ ಪೇಂಟು, ಹೊಳಪಿರಲ್ಲ. ಅರಿಶಿನ ಬಿದ್ರೆ ಹೀರ್ಕೊಂಡ್ಬಿಡತ್ತೆ, ಉಜ್ಜೋಕೂ ಆಗಲ್ಲ. ಕುಂಬಳಕಾಯಿ, ನಿಂಬೆಹಣ್ಣು ಎಲ್ಲಾ ಒಟ್ಟಿಗೇ ಮಾಡೋಣ. ಕೈ ಒತ್ತೋದೊಂದು ಬೇಡ ಅಂತ ಅಮ್ಮಂಗೆ ಹೇಳ್ಬಿಡು.”

“ನೀನೇ ಹೇಳು.”

“ನಾನ್ ಹೇಳಿದ್ರೆ ನೊಂದ್ಕೋತಾಳೆ ಅಣ್ಣ. ನೀನ್ ಹೇಳಿದ್ರೆ ಕೇಳ್ತಾಳೆ.”

ನಮ್ಮವರು ಬಟ್ಟೆ ಹಿಂಡುತ್ತಾ “ಹ್ಞೂಂ” ಎಂದರು. ಅವನು ಮೇಲೆ ಹೋದ ಮೇಲೆ, “ಈಗಲೇ ಹೇಳ್ಬಿಡ್ರೀ, ಅತ್ತೆ ಅರಿಶಿನದ ಕೊಂಬು ಕುಟ್ಟಿಸಿ ಇಟ್ಕೊಂಡಿದಾರೆ” ಎಂದೆ.

“ಅಮ್ಮಂಗೆ ಮುಟ್ಬೇಡ ಅಂತ ನಾನ್ಯಾಕೆ ಹೇಳ್ಲಿ? ಕಾರು ಅವನ್ದು, ಅವನೇ ಹೇಳ್ಲಿ.”

“ಮತ್ತೆ ಹ್ಞೂಂ ಅಂದ್ರಲ್ಲ?”

“ಕೇಳಿಸ್ತು ಅಂತ ಹ್ಞೂಂ ಅಂದೆ. ನೀನು ಮಧ್ಯ ಬರ್ಬೇಡ.”

ಸಿಟ್ಟು ಇಳಿದ ಮೇಲೆ ಹೇಳುತ್ತಾರೆ ಅಂದುಕೊಂಡೆ. ಬೆಳಿಗ್ಗೆ ಒಬ್ಬಟ್ಟಿನ ಹೂರಣ ರುಬ್ಬಿ ಮುಗಿಸಿ, ಸೀರೆ ಬದಲಿಸಿ ಹೊರಗೆ ಬರುವಷ್ಟರಲ್ಲಿ ಗಾಡಿಗಳೆಲ್ಲ ಸಾಲಾಗಿ ನಿಂತಿದ್ದವು. ಬಾಳೆಕಂದು, ಚೆಂಡುಹೂ, ಕರ್ಪೂರದ ವಾಸನೆ. ನಮ್ಮವರ ಕೈಯಲ್ಲಿ ಕುಂಬಳಕಾಯಿ, ಅದರ ಮೇಲೆ ಕರ್ಪೂರ. ಮೈದುನ ಬಿಳಿ ಕಾರಿನ ಹಿಂದೆ ಬಗ್ಗಿ ಚಕ್ರಕ್ಕೆ ನಿಂಬೆಹಣ್ಣು ಇಡುತ್ತಿದ್ದ. ಅತ್ತೆ ಆಗಲೇ ಟ್ಯಾಂಕರ್, ಟೆಂಪೋ, ಸ್ಕೂಟರ್, ಕೆಂಪು ಕಾರು ಎಲ್ಲಕ್ಕೂ ಕೈ ಒತ್ತಿಯಾಗಿತ್ತು. ಬಿಳಿ ಕಾರಿನ ಮುಂದೆ ಮಂಡಿ ನೋವಿನಲ್ಲೇ ಬಗ್ಗಿ, ಕೈಗೆ ಇನ್ನಷ್ಟು ಅರಿಶಿನ ಬಳಿದುಕೊಂಡು, ಬಾನೆಟ್ಟಿನ ನಟ್ಟನಡುವೆ ಒತ್ತಿ, ಬೆರಳೆಲ್ಲ ಮೂಡಲಿ ಎಂದು ಇನ್ನೊಂದು ಕೈಯಿಂದ ಮೇಲೆ ಅದುಮಿದರು.

“ನನ್ ಮಗೀನ ಗಾಡಿಗೆ ಚೆನ್ನಾಗಿ ಕೂತ್ಕಳ್ಲಿ” ಎಂದರು.

ಮೈದುನ ತಲೆ ಎತ್ತಿದ. “ಅಯ್ಯೋ! ಯಾರಮ್ಮ ನಿಂಗೆ ಮುಟ್ಟು ಅಂದಿದ್ದು? ತೆಗಿ ಕೈ, ತೆಗಿ!”

ಓಡಿ ಬಂದು ಟವೆಲಿನಿಂದ ಉಜ್ಜಿದ. ಹಳದಿ ಇನ್ನಷ್ಟು ಅಗಲಕ್ಕೆ ಹರಡಿತು. “ಗೊತ್ತಾಗಲ್ವಾ ನಿಂಗೆ? ಇದೇನ್ ಎತ್ತಾ?” ಎಂದು ಕೂಗಿದ.

ಬೀದಿಯೆಲ್ಲ ನೋಡುತ್ತಿತ್ತು. ಅತ್ತೆ ಅರಿಶಿನದ ಕೈಯನ್ನು ಮುಂದೆ ಚಾಚಿಕೊಂಡೇ ನಿಂತಿದ್ದರು, ಅದನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ. ನನ್ನ ವಾರಗಿತ್ತಿ ಮೆಟ್ಟಿಲಿಳಿದು ಬಂದು ಗಂಡನ ತೋಳು ಹಿಡಿದಳು. ಅವನು ಕೊಸರಿಕೊಂಡು ಅಣ್ಣನ ಕಡೆ ತಿರುಗಿದ.

“ನಿನ್ನೆನೇ ಹೇಳಿದ್ನಲ್ಲ ಅಣ್ಣ, ಅಮ್ಮಂಗೆ ಹೇಳು ಅಂತ! ಹ್ಞೂಂ ಅಂದ್ಯಲ್ಲ!”

ಅತ್ತೆ ನಮ್ಮವರನ್ನು ನೋಡಿದರು. “ನಿಂಗೆ ಗೊತ್ತಿತ್ತೇನ್ಲಾ?”

ನಮ್ಮವರು ಕುಂಬಳಕಾಯಿಯ ಮೇಲಿನ ಕರ್ಪೂರವನ್ನೇ ನೋಡುತ್ತಾ ನಿಂತರು. ನನ್ನ ಗಂಡನ ಮೇಲೆ ನನಗೆ ಎಷ್ಟೋ ಸಲ ಕೋಪ ಬಂದಿದೆ, ನಾಚಿಕೆಯಾಗಿದ್ದು ಅವತ್ತು ಒಂದೇ ಸಲ.

ಮೈದುನ ಕಾರು ಹತ್ತಿ, ಸಾಲಿನಿಂದ ಹಿಂದಕ್ಕೆ ತೆಗೆದು, ಹಲಗೆಯ ಮೇಲೆ ಹತ್ತಿಸಿ ಗೇಟಿನೊಳಗೆ ಹೋದ. ಉಳಿದ ಗಾಡಿಗಳಿಗೆ ನಮ್ಮವರು ಕುಂಬಳಕಾಯಿ ಇಳಿ ತೆಗೆದು ನೆಲಕ್ಕೆ ಅಪ್ಪಳಿಸಿದರು. ಯಾರೂ ಅದನ್ನು ಸರಿಯಾಗಿ ನೋಡಲಿಲ್ಲ. ಅಂದು ಸಂಜೆಯೇ ಮೇಲಿನ ಮನೆಯವರು ಇನ್ನೊಂದು ಕುಂಬಳಕಾಯಿ ತರಿಸಿ, ಯಾವುದೋ ದೇವಸ್ಥಾನದ ಮುಂದೆ ಕಾರು ನಿಲ್ಲಿಸಿ ಒಡೆಸಿಕೊಂಡು ಬಂದರು. ಆ ಕಾಯಿ ಮೆಟ್ಟಿಲಿಳಿದು ಹೋಗುವಾಗ ಅತ್ತೆ ಕಿಟಕಿಯಲ್ಲಿ ಇದ್ದರು.

“ಎರಡಾಯ್ತು ಬಿಡವ್ವ” ಎಂದರು, ನನ್ನ ಕಡೆ ನೋಡದೆ.

ಆಮೇಲೆ ಇಬ್ಬರೂ ನನ್ನ ಹತ್ತಿರ ನ್ಯಾಯ ಕೇಳಿಕೊಂಡು ಬಂದರು. ತಮ್ಮ ಬೀದಿಯಲ್ಲಿ ನಿಂತು ತಾಯಿಗೆ ಕೂಗಿದ ಎಂದು ಅಣ್ಣ. ಅಣ್ಣ ಬೇಕೆಂದೇ ಬಾಯಿ ಮುಚ್ಚಿಕೊಂಡಿದ್ದ ಎಂದು ತಮ್ಮ. ಇಬ್ಬರು ಹೇಳಿದ್ದೂ ನಿಜ, ಅದೇ ನನ್ನ ಸಂಕಟ. ನಮ್ಮವರಿಗೆ ಮುಖಕ್ಕೇ ಹೇಳಿದೆ: “ನಿಮ್ಮಿಬ್ಬರ ಜಗಳಕ್ಕೆ ನೀವೇ ಹೊಡೆದಾಡ್ಬೇಕಿತ್ತು. ಅಮ್ಮನ್ನ ಮಧ್ಯ ನಿಲ್ಸಿದ್ರಲ್ಲ.” ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಬಡವಾದದ್ದು ತಾಯಿ.

ಅತ್ತೆ ಜಗಳವಾಡಲಿಲ್ಲ, ಅಳಲಿಲ್ಲ, ಊಟ ಬಿಡಲಿಲ್ಲ. ಕಾಫಿಯನ್ನು ತಮ್ಮ ಕೋಣೆಗೇ ತರಿಸಿಕೊಂಡರು. ಎರಡು ಮೂರು ದಿನವಾದ ಮೇಲೆ ನಾನು ಗಮನಿಸಿದೆ. ಅವರು ಮನೆಯಲ್ಲಿ ಏನನ್ನೂ ಮುಟ್ಟುತ್ತಿರಲಿಲ್ಲ. ಟಿವಿ ಹಾಕಬೇಕಾದರೆ ನನ್ನನ್ನು ಕರೆಯುತ್ತಿದ್ದರು. ಫ್ರಿಜ್ಜಿನ ಬಾಗಿಲು ತೆಗೆಯುತ್ತಿರಲಿಲ್ಲ. ಅರಿಶಿನದ ಬಣ್ಣ ಉಗುರಿನ ಸಂದಿಯಲ್ಲಿ ಉಳಿದಿತ್ತು, ಅದನ್ನು ಬಚ್ಚಲಲ್ಲಿ ಸೋಪು ಹಾಕಿ ಉಜ್ಜುವುದೇ ಉಜ್ಜುವುದು. “ಸಾಕು ಬನ್ನಿ ಅತ್ತೆ, ಎಂಟು ದಿನಕ್ಕೆ ತಾನೇ ಹೋಗತ್ತೆ” ಎಂದರೆ, “ಯಾರ್ದಾದ್ರೂ ಸಾಮಾನು ಕೆಡತ್ತೆ ಕಣವ್ವ” ಎನ್ನುತ್ತಿದ್ದರು.

ಶುಕ್ರವಾರ ಬಂತು. ಶುಕ್ರವಾರ ರಾಹುಕಾಲದಲ್ಲಿ ಬನಶಂಕರಿ ಅಮ್ಮನ ಗುಡಿಯಲ್ಲಿ ನಿಂಬೆಹಣ್ಣಿನ ದೀಪ ಹಚ್ಚುವುದು ಅವರು ಎಂದೂ ತಪ್ಪಿಸಿದ್ದಿಲ್ಲ. ನಮ್ಮವರು ಹೊದಿಕೆ ತೆಗೆದು ಕೆಂಪು ಕಾರನ್ನು ಗೇಟಿನ ಹತ್ತಿರ ತಂದು ನಿಲ್ಲಿಸಿ ಬಾಗಿಲು ತೆರೆದು ಹಿಡಿದರು. ಹಿಂದೆ ಅಂಗಳದಲ್ಲಿ ಮೈದುನ, ಬಣ್ಣದ ಕೆಲಸದವನನ್ನು ಕರೆಸಿಕೊಂಡು ಬಾನೆಟ್ ತೋರಿಸುತ್ತಿದ್ದ. ಪೂರ್ತಿ ಹೋಗಲ್ಲ ಸಾರ್, ಅಷ್ಟು ಭಾಗ ಹೊಸದಾಗಿ ಹೊಡೀಬೇಕು ಎಂದು ಅವನು ಹೇಳುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು.

ಅತ್ತೆ ಕಾರಿನ ಹತ್ತಿರ ಬಂದು ನಿಂತರು. ಎರಡೂ ಕೈ ಸೆರಗಿನೊಳಗಿದ್ದವು. ಹತ್ತಲಿಲ್ಲ.

“ಕೈ ತೊಳ್ಕಂಡಿದೀನಿ ಕಣಪ್ಪ” ಎಂದರು. “ಮುಟ್ಬೋದಾ?”

ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನಾವೆಲ್ಲ ಬದುಕಿಕೊಳ್ಳುತ್ತಿದ್ದೆವು. ಬೇರೆಯವರ ಮನೆಗೆ ಹೋದವರು ಕೇಳುವ ಹಾಗೆ, ನಿಜವಾಗಿಯೇ ಕೇಳಿದರು.

“ಅಮ್ಮಾ, ಇದೇನ್ ಮಾತು” ಎಂದರು ನಮ್ಮವರು. ಹಿಂದೆ ಮೈದುನ ಬಣ್ಣದವನನ್ನು ಬಿಟ್ಟು ನಮ್ಮ ಕಡೆಗೆ ಬರುತ್ತಿದ್ದ.

ಆ ಕಾರು ತಗ್ಗು. ಎಂದಿನಂತೆ ಆಗಿದ್ದರೆ ಅತ್ತೆ ಒಂದು ಕೈಯನ್ನು ಕಾರಿನ ಮೇಲಿಟ್ಟು, ಇನ್ನೊಂದನ್ನು ಮಗನ ಭುಜದ ಮೇಲಿಟ್ಟು ಒಳಗೆ ಇಳಿಯುತ್ತಿದ್ದರು. ಅಂದು ಕೈಗಳನ್ನು ಸೆರಗಿನಿಂದ ಹೊರಗೆ ತೆಗೆಯದೆ ಕಾಲು ಒಳಗಿಟ್ಟು ಬಗ್ಗಿದರು. ಮಂಡಿ ಕೈಕೊಟ್ಟಿತು. ನಾನು ಕೂಗಿಕೊಂಡೆ. ಈ ಕಡೆಯಿಂದ ನಮ್ಮವರು, ಆ ಕಡೆಯಿಂದ ಮೈದುನ ಓಡಿ ಬಂದು ಅವರು ಬೀಳುವ ಮೊದಲು ಎರಡು ತೋಳುಗಳನ್ನು ಹಿಡಿದುಕೊಂಡರು. ನಿಧಾನವಾಗಿ ಸೀಟಿನಲ್ಲಿ ಕೂರಿಸಿದರು. ಅಷ್ಟು ದಿನಗಳಲ್ಲಿ ಮಕ್ಕಳಿಬ್ಬರೂ ಅಷ್ಟು ಹತ್ತಿರ ನಿಂತಿದ್ದನ್ನು ನಾನು ನೋಡಿರಲಿಲ್ಲ, ಇನ್ನು ಸರಿ ಹೋಗುತ್ತಾರೇನೋ ಎಂದು ಒಂದು ಕ್ಷಣ ನನಗೂ ಆಸೆಯಾಯಿತು. ಆಮೇಲೆ ಅತ್ತೆಯ ಬೆರಳುಗಳನ್ನು ನೋಡಿದೆ. ಮುಷ್ಟಿ ಕಟ್ಟಿ ಎದೆಗೆ ಒತ್ತಿಕೊಂಡಿದ್ದರು. ಇಬ್ಬರೂ ಅವರನ್ನು ಹಿಡಿದಿದ್ದರು, ಅವರು ಯಾರನ್ನೂ ಹಿಡಿದಿರಲಿಲ್ಲ.