ಗುಂಡ್ಲುಪೇಟೆಯ ಬೂತಿನಲ್ಲಿ ಇಂಟರ್‌ವ್ಯೂ

ನನ್ನ ಮೊದಲ ಇಂಟರ್‌ವ್ಯೂ ಮಾಡಿದವರ ಮುಖವನ್ನು ನಾನು ಈವರೆಗೆ ನೋಡಿಲ್ಲ. ಚಾಮರಾಜನಗರದ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದ್ದೆ. ತೊಂಬತ್ತರ ದಶಕದ ಕೊನೆ. ಮೈಸೂರಿನಲ್ಲಿ ಲಿಖಿತ ಪರೀಕ್ಷೆ ನಡೆಸಿದ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯವರು, ಪಾಸಾದವರಿಗೆ ಫೋನಿನಲ್ಲೇ ಇಂಟರ್‌ವ್ಯೂ ಮಾಡುತ್ತೇವೆ, ನಂಬರು ಕೊಡಿ ಎಂದರು. ಭೀಮನಬೀಡಿನ ನಮ್ಮ ಮನೆಗೆ ಫೋನು ಎಲ್ಲಿಂದ ಬರಬೇಕು? ಗುಂಡ್ಲುಪೇಟೆ ಬಸ್‌ಸ್ಟ್ಯಾಂಡ್ ಎದುರಿನ ಎಸ್‌ಟಿಡಿ ಬೂತಿನ ನಂಬರು ಕೊಟ್ಟೆ.

ಪ್ರಶ್ನೆಗಳಿಗಿಂತ ನನಗೆ ಅವ್ವನದೇ ಹೆಚ್ಚಿನ ಭಯ. ಅಪ್ಪ ಯಾವುದಕ್ಕೂ ಬಾಯಿ ಹಾಕುವವನಲ್ಲ, ನಿಮ್ಮವ್ವನ್ನ ಕೇಳು ಎಂದು ಎದ್ದು ಹೊಲಕ್ಕೆ ಹೋಗಿಬಿಡುತ್ತಿದ್ದ. ಅವ್ವನೋ, ಕೆಲಸ ಸಿಕ್ಕರೆ ಬೆಂಗಳೂರಿಗೆ ಕಳಿಸ್ತೀಯಾ ಎಂದು ಕೇಳಿದಾಗಲೆಲ್ಲ ಹೂಂ ಅನ್ನಳು, ಊಹೂಂ ಅನ್ನಳು, ಒಲೆ ಊದಲು ಶುರು ಮಾಡುವಳು. ಮದುವೆಗೆ ಮುಂಚೆ ನೆಂಟರಿಲ್ಲದ ಊರಿನಲ್ಲಿ ರೂಮು ಮಾಡಿಕೊಂಡಿದ್ದ ಹೆಣ್ಣು ನಮ್ಮ ಬೀದಿಯಲ್ಲಿ ಒಬ್ಬಳೂ ಇರಲಿಲ್ಲ. ಆಡಿಕೊಳ್ಳುವ ಬಾಯಿಗಳಿಗೆ ಮಾತ್ರ ಬರವಿರಲಿಲ್ಲ.

ಆ ದಿನ ಅವ್ವ ತಾನೂ ಬರುತ್ತೇನೆಂದು ಹೊರಟಳು. ಗುಂಡ್ಲುಪೇಟೆಗೇ ಒಬ್ಬಳನ್ನು ಬಿಡದವಳು ಬೆಂಗಳೂರಿಗೆ ಬಿಟ್ಟಾಳೆಯೇ ಎಂದು ಬಸ್ಸಿನಲ್ಲೇ ನನ್ನ ಅರ್ಧ ಜೀವ ಹೋಯಿತು.

ಹನ್ನೊಂದಕ್ಕೆ ಫೋನು ಬರಬೇಕು. ಬೂತಿನಲ್ಲಿದ್ದದ್ದು ಒಂದೇ ಲೈನು. ಇನ್ನೇನು ಹನ್ನೊಂದಾಯಿತು ಅನ್ನುವಾಗ ಕೇರಳದ ಲಾರಿ ಡ್ರೈವರೊಬ್ಬ ಗಾಜಿನ ಗೂಡಿನೊಳಗೆ ನುಗ್ಗಿ ಮಲಯಾಳದಲ್ಲಿ ಮಾತಿಗಿಳಿದ. ಪುಣ್ಯಾತ್ಮ, ನಗುತ್ತಾನೆ, ಗೋಡೆಗೆ ಒರಗುತ್ತಾನೆ, ಫೋನು ಇಡುವುದೇ ಇಲ್ಲ. ನಾನು ಬೂತಿನ ಗಡಿಯಾರ ನೋಡುತ್ತ ನಿಂತೆ. ಅವ್ವ ಎದ್ದು ಹೋಗಿ ಗಾಜನ್ನು ಪಟಪಟ ಬಡಿದಳು. ಅವನು ಅವಳ ಮುಖ ನೋಡಿ ಫೋನು ಇಟ್ಟ.

ನಾನು ಒಳಗೆ ಹೋಗಿ ನಿಂತದ್ದೇ ತಡ, ಫೋನು ಬಡಿದುಕೊಂಡಿತು. ಆ ಕಡೆಯವರು ಇಂಗ್ಲಿಷಿನಲ್ಲಿ, ಒಂದು ಪದದ ಅಕ್ಷರಗಳನ್ನು ಹಿಂದುಮುಂದು ಮಾಡುವ ಪ್ರೋಗ್ರಾಂ ಹೇಳಿ ಎಂದರು. ಪ್ರೋಗ್ರಾಮನ್ನು ಬರೆಯುತ್ತಾರೆ, ಬಾಯಲ್ಲಿ ಹೇಳುವುದು ಹೇಗೆ? ಬೆವರಿದ ಬೆರಳಲ್ಲಿ ಗಾಜಿನ ಮೇಲೆ ಗೀಚುತ್ತ ಒಂದೊಂದೇ ಸಾಲು ಒಪ್ಪಿಸಿದೆ. ಹೊರಗೆ ಬಸ್ಸು ಹಾರನ್ ಹೊಡೆದಾಗಲೆಲ್ಲ ಮತ್ತೆ ಮೊದಲಿನಿಂದ. ಕೊನೆಗೆ ಅವರು ಗುಡ್ ಎಂದರು. ಆಮೇಲೆ ಕನ್ನಡಕ್ಕೆ ತಿರುಗಿ, ಆಯ್ಕೆಯಾದ ಮೇಲೆ ಮನೆಯವರು ಕಳಿಸುವುದಿಲ್ಲ ಅನ್ನುತ್ತಾರೆ, ನಿಮ್ಮವರು ಯಾರಾದರೂ ಅಲ್ಲಿದ್ದರೆ ಫೋನು ಕೊಡಿ ಎಂದರು.

ಬಾಗಿಲು ತೆರೆದು ಅವ್ವನನ್ನು ಕರೆದೆ.

ಅವ್ವ ಹುಟ್ಟಿದಾಗಿನಿಂದ ಫೋನು ಮುಟ್ಟಿದವಳಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮಗಳನ್ನು ಬೆಂಗಳೂರಿಗೆ ಕಳಿಸಿಕೊಡ್ತೀರಾ ಅಮ್ಮಾ ಎಂದು ಅವರು ಕೇಳಿದ್ದು ನನಗೂ ಕೇಳಿಸಿತು. ಅವ್ವ ನನ್ನನ್ನೇ ನೋಡಿದಳು. ಅವಳ ಕಣ್ಣು ತುಂಬಿತು. ತಲೆಯಾಡಿಸಿದಳು, ಹೂಂ ಎಂದು, ಒಂದು ಸಲವಲ್ಲ, ತಲೆಯ ಮೇಲಿನ ಸೆರಗು ಜಾರುವ ತನಕ. ಅಯ್ಯೋ, ನನಗಾದ ಸಂತೋಷವೇ! ಅದರಲ್ಲಿ, ಅವಳ ಬಾಯಿಂದ ಒಂದಕ್ಷರವೂ ಹೊರಟಿಲ್ಲವೆಂಬುದು ನನಗೆ ಹೊಳೆಯಲೇ ಇಲ್ಲ.

ಹಲೋ ಹಲೋ ಎಂದು ಎರಡು ಸಲ ಕೇಳಿಸಿತು. ಸರಿ ಬಿಡಿ ಅಮ್ಮಾ, ಗೊತ್ತಾಯಿತು ಎಂದು ಇಟ್ಟುಬಿಟ್ಟರು.

"ಮಾತಾಡವ್ವ, ಅವರಿಗೆ ನೀನು ಕಾಣಲ್ಲ" ಎಂದು ಕಿರುಚಿದೆ.

"ಯೋಳ್ದ್ನಲ್ಲ ಕಣಮ್ಮಿ, ತಲೆ ಆಡ್ಸಿ" ಎಂದಳು ಅವ್ವ. ಮುಖ ಬಿಳಿಚಿಕೊಂಡಿತ್ತು.

ಕಂಪನಿಯ ನಂಬರು ನನ್ನ ಬಳಿ ಇತ್ತು. ತಿರುಗಿಸಿ ತಿರುಗಿಸಿ ಸಾಕಾಯಿತು, ಎಂಗೇಜು. ಕಡೆಗೆ ಒಬ್ಬ ಹುಡುಗಿ ಎತ್ತಿದ್ದೇ ತಡ ಅವ್ವ ಫೋನು ಕಿತ್ತುಕೊಂಡಳು. "ಕಳುಸ್ತೀನಿ ಕಣಪ್ಪ, ನನ್ ಮಗಳ್ನ ಕಳುಸ್ತೀನಿ" ಎಂದು ಅವಳು ಕೂಗಿದ್ದಕ್ಕೆ ಬೂತಿನ ಹೊರಗೆ ನಿಂತವರೆಲ್ಲ ತಿರುಗಿ ನೋಡಿದರು. ಆ ಹುಡುಗಿಗೆ ತಲೆಬುಡ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಿದೆ. ತಡೆಯಿರಿ ಎಂದು ಯಾರನ್ನೋ ಕೇಳಿ ಬಂದು, ಸಾರ್ ಮುಂದಿನವರ ಇಂಟರ್‌ವ್ಯೂನಲ್ಲಿದ್ದಾರೆ, ನಿಮ್ಮದು ಮುಗಿಯಿತಂತೆ, ಸಾರಿ ಎಂದಳು.

ಮಾತು ಆಡಿದರೆ ಹೋಯಿತು ಅನ್ನುತ್ತಾರೆ, ನನ್ನದು ಆಡದೆ ಹೋಯಿತು. ಸಿಟ್ಟು ಅವ್ವನ ಮೇಲೋ, ಆ ಸಾರ್ ಮೇಲೋ ತಿಳಿಯದೆ ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕೂತೆ. ಇನ್ನು ನನ್ನನ್ನು ಯಾರು ಕರೆಯುತ್ತಾರೆ ಎಂಬ ಹೆದರಿಕೆಗೆ ಅಳುವೂ ಬರಲಿಲ್ಲ. ಊರು ಹತ್ತಿರವಾದಾಗ ಅವ್ವ ನನ್ನ ಮೊಣಕೈ ಹಿಡಿದು ಎಳೆದಳು.

"ಇನ್ನೊಂದು ಕಂಪ್ನಿಗೆ ಬರಿ ಕಣಮ್ಮಿ. ಆ ಕಿತ ಬಾಯ್ ಬುಟ್ಟೇ ಯೋಳ್ತೀನಿ."